ಐವತ್ತು ದಾಟಿದವರಿಗೆ ಎಐ ಚಾಟ್‌ಬಾಟ್: ಒಂದು ತಾಸಿನಲ್ಲಿ ಎಂತೆಲ್ಲ ಹೇಳಬಹುದು?

ಘಟ್ಟದಮೇಲಿನವ
ಬರುವ ಭಾನುವಾರ ಶಿರಸಿ ಹತ್ತಿರ ನಮ್ಮೂರ ಸಭಾಭವನದಲ್ಲಿ ಒಂದು ತಾಸಿನ ಪರಿಚಯ ಕಾರ್ಯಕ್ರಮ. ಸುಮಾರು 30 ಜನ ಬರಬಹುದು. ಹೆಚ್ಚಿನವರು ಐವತ್ತು ದಾಟಿದ ತೋಟಿಗರು, ಮನೆವಾರ್ತೆಯ ಹೆಂಗಸರು, ಒಬ್ಬಿಬ್ಬರು ನಿವೃತ್ತ ಮಾಸ್ತರರು. ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಉಂಟು, ವಾಟ್ಸಾಪ್ ಸಲೀಸು. ಚಾಟ್‌ಬಾಟ್ ಅಂದರೆ ಮಾತ್ರ "ಆ ನೀಲಿ ಉಂಗುರವನಾ?" (ವಾಟ್ಸಾಪಿನಲ್ಲಿ ಕಾಣುವ ಮೆಟಾ ಎಐ ಗುರುತು) ಅನ್ನುವ ಮಟ್ಟ.

ಮೂರು ವಿಷಯ ಬೇಕು. ಯಾವುದರಿಂದ ಶುರು ಮಾಡಿಸಬೇಕು, ಕನ್ನಡದಲ್ಲಿ ಹೇಗೆ ಕೇಳಬೇಕು, ಯಾವುದನ್ನು ಕೇಳಲೇಬಾರದು. "ಎಐ ಎಂದರೇನು" ಅಂತ ಭಾಷಣ ಮಾಡಿದರೆ ಹತ್ತು ನಿಮಿಷಕ್ಕೆ ಚಾ ಕುಡಿಯಲು ಏಳುತ್ತಾರೆ, ಅದು ಬೇಡ.

ದೇವಿಮನೆತಿರುವು
ಚಾ ಕೊನೆಗೆ ಅಂತ ಮೊದಲೇ ಹೇಳಿಬಿಡಿ. ಅರ್ಧ ಸಮಸ್ಯೆ ಮುಗಿಯಿತು.

ಕಾಳಿತೀರ
ಯಾವ ಆ್ಯಪ್ ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಕೋಪೈಲಟ್, ವಾಟ್ಸಾಪ್ ಒಳಗಿನ ಮೆಟಾ ಎಐ, ಎಲ್ಲದರ ಉಚಿತ ಬಳಕೆಯೇ ಕಲಿಯುವವರಿಗೆ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಖಾತೆ ಮೊದಲೇ ಇರುವುದರಿಂದ ಜೆಮಿನಿಗೆ ಹೊಸ ಪಾಸ್‌ವರ್ಡ್ ರಗಳೆ ಇಲ್ಲ. 30 ಜನರನ್ನು ಕೂರಿಸಿಕೊಂಡು ಖಾತೆ ತೆರೆಸಲು ಹೊರಟರೆ ನಿಮ್ಮ ಒಂದು ತಾಸು ಅಲ್ಲೇ ಹೋಗುತ್ತದೆ. ಒಟಿಪಿ ಬರಲಿಲ್ಲ, ಇಮೇಲ್ ಯಾವುದು ಮರೆತುಹೋಯಿತು, ಇದೇ ರಾಮಾಯಣ.

ಒಂದು ಮಾತ್ರ ಖಡಾಖಂಡಿತ ಹೇಳಿ: ಪ್ಲೇಸ್ಟೋರಿನಲ್ಲಿ "ಎಐ ಚಾಟ್" ಅಂತ ಹುಡುಕಿ ಕಂಡದ್ದನ್ನು ಹಾಕಿಕೊಳ್ಳಬಾರದು. ಅದೇ ಥರದ ಹೆಸರು, ಅದೇ ಥರದ ಚಿಹ್ನೆ ಇಟ್ಟುಕೊಂಡ ಆ್ಯಪ್‌ಗಳು ಬೇಕಾದಷ್ಟಿವೆ. ಮೂರು ದಿನ ಪುಕ್ಕಟೆ, ಆಮೇಲೆ ವಾರಕ್ಕಿಷ್ಟು ಅಂತ ದುಡ್ಡು ಎಳೆಯುತ್ತವೆ. ಆ್ಯಪ್ ಹೆಸರಿನ ಕೆಳಗೆ ಸಣ್ಣಕ್ಕೆ ಬರೆದಿರುವ ತಯಾರಕರ ಹೆಸರು ನೋಡಬೇಕು. ಚಾಟ್‌ಜಿಪಿಟಿಗೆ ಓಪನ್‌ಎಐ, ಜೆಮಿನಿಗೆ ಗೂಗಲ್, ಕ್ಲಾಡ್‌ಗೆ ಆಂಥ್ರೊಪಿಕ್. ಬೇರೆ ಹೆಸರಿದ್ದರೆ ಮುಟ್ಟಬೇಡಿ.

ಗಜನಿಗದ್ದೆ
ಅದಕ್ಕೆ ಸೇರಿಸಿ: ಅಂಥ ಆ್ಯಪನ್ನು ಫೋನಿನಿಂದ ಅಳಿಸಿದರೆ ದುಡ್ಡು ಕಡಿತ ನಿಲ್ಲುವುದಿಲ್ಲ. ಪ್ಲೇಸ್ಟೋರಿನ "ಸಬ್‌ಸ್ಕ್ರಿಪ್ಶನ್" ಒಳಗೆ ಹೋಗಿ ರದ್ದು ಮಾಡಬೇಕು. ಯುಪಿಐ ಆಟೋಪೇ ಕೊಟ್ಟಿದ್ದರೆ ಆ ಯುಪಿಐ ಆ್ಯಪಿನ ಆಟೋಪೇ ಪಟ್ಟಿಯಲ್ಲೂ ರದ್ದು ಮಾಡಬೇಕು.

ಸಂಶಯರಾಯ
ಇದೆಲ್ಲ ಎಂತಕ್ಕೆ? ಗೂಗಲ್‌ನಲ್ಲಿ ಹುಡುಕಿದರೆ ಸಿಗದ್ದು ಇದರಲ್ಲಿ ಎಂತ ಸಿಗುತ್ತದೆ? ಅದೇ ಹಳೇ ಮದ್ಯ, ಹೊಸ ಶೀಶೆ.

ಕಾಳಿತೀರ
ಅಲ್ಲ ರಾಯರೇ, ಎರಡೂ ಬೇರೆ. ಹುಡುಕಾಟದ ಯಂತ್ರ ಎಲ್ಲೋ ಇರುವ ಪುಟವನ್ನು ತೋರಿಸುತ್ತದೆ. ಚಾಟ್‌ಬಾಟ್ ಉತ್ತರವನ್ನು ಆಗಿಂದಾಗ್ಗೆ ಕಟ್ಟುತ್ತದೆ. ರಾಶಿ ರಾಶಿ ಬರಹ ಓದಿಸಿ, ಒಂದು ತುಣುಕಿನ ನಂತರ ಯಾವ ತುಣುಕು ಬರುವ ಸಂಭವ ಹೆಚ್ಚು ಅನ್ನುವುದನ್ನು ಕಲಿಸಿದ ಯಂತ್ರ ಅದು. ಹಾಗಾಗಿ ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಎರಡು ಥರ ಉತ್ತರ ಬರಬಹುದು, ಗೊತ್ತಿಲ್ಲದ್ದನ್ನೂ ಗೊತ್ತಿದ್ದಷ್ಟೇ ಧೈರ್ಯದಿಂದ ಹೇಳಬಹುದು. ಈಗಿನವಕ್ಕೆ ಜಾಲದಲ್ಲಿ ಹುಡುಕುವ ಸೌಲಭ್ಯವೂ ಉಂಟು. ಆದರೆ ಪ್ರತಿ ಸಲ ಹುಡುಕುತ್ತದೆ ಅಂತಿಲ್ಲ. "ಜಾಲದಲ್ಲಿ ಹುಡುಕಿ ಹೇಳು, ಕೊಂಡಿ ಕೊಡು" ಅಂತ ಬಿಡಿಸಿ ಹೇಳಬೇಕು. ಕೊಂಡಿಯನ್ನು ಒತ್ತಿ ನೋಡಬೇಕು, ಅದರಲ್ಲಿ ಆ ಮಾತು ಇಲ್ಲದೆಯೂ ಇರಬಹುದು.

ಸೊಪ್ಪಿನಬೆಟ್ಟ
ಧೈರ್ಯ ಅಂದರೆ ಎಂಥಾದ್ದು ಅಂತ ತೋರಿಸಲು ನಮ್ಮ ಕಡೆಯ ಶಬ್ದಗಳೇ ಸಾಕು. ಬರೇ "ಇವತ್ತು ರಾಶಿ ಹೇಗಿದೆ?" ಅಂತ ಕೇಳಿ. ಮೇಷ, ವೃಷಭ ಅಂತ ಶುರು ಮಾಡಿದರೆ ಅದರ ತಪ್ಪಲ್ಲ, ನೀವು ಅಡಿಕೆ ಅಂತ ಹೇಳಲೇ ಇಲ್ಲ. "ಬೆಟ್ಟ" ಅಂದರೆ ಅದಕ್ಕೆ ಗುಡ್ಡ, ನಮಗೆ ತೋಟಕ್ಕೆ ಸೊಪ್ಪು ತರುವ ಜಾಗ. "ಬೆಟ್ಟೆ" ಅಂದರೆ ಅಡಿಕೆಯ ಒಂದು ನಮೂನೆ, ಅದನ್ನು ಅಕ್ಷರ ತಪ್ಪು ಅಂತ ತಿದ್ದಿಬಿಟ್ಟೀತು.

"ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಅಂದರೆ ಅಡಿಕೆಯ ನಮೂನೆಗಳು" ಅಂತ ಮೊದಲು ಹೇಳಿ ಮುಂದಿನದು ಕೇಳಿದರೆ ದಾರಿಗೆ ಬರುತ್ತದೆ. ಇಷ್ಟಾದರೂ ದರ ಮಾತ್ರ ಅದರ ಹತ್ತಿರ ಕೇಳಬೇಡಿ. ನಿನ್ನೆಯದೋ ಮೊನ್ನೆಯದೋ ಬೇರೆ ಊರಿನದೋ ಹೇಳಿ ಮುಗಿಸುತ್ತದೆ. ಸಂಘದ ದರಪಟ್ಟಿ, ಎಪಿಎಂಸಿ ಬೋರ್ಡು, ಇಲ್ಲಾ ಕೃಷಿ ಮಾರಾಟ ವಾಹಿನಿ (ರಾಜ್ಯದ ಮಾರುಕಟ್ಟೆ ದರದ ಜಾಲತಾಣ) ನೋಡಬೇಕು.

ಬಂಗಡೆಬುಟ್ಟಿ
ಕರಾವಳಿಯದ್ದು ಇನ್ನೂ ಅಪಾಯ. ಮೀನುಗಾರಿಕೆ ನಿಷೇಧ ಯಾವಾಗ ಅಂತ ಕೇಳಿದರೆ ಏಪ್ರಿಲ್ 15ರಿಂದ ಜೂನ್ 14 ಅಂತ ಹೇಳಿಬಿಡಬಹುದು. ಅದು ಪೂರ್ವ ಕರಾವಳಿಯ ಲೆಕ್ಕ. ನಮ್ಮದು ಪಶ್ಚಿಮ, ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಎರಡೂ ಇಂಟರ್ನೆಟ್ಟಿನಲ್ಲಿ ಇರುವ ನಿಜವಾದ ದಿನಾಂಕಗಳೇ, ಆದರೆ ಒಂದಕ್ಕೊಂದು ಕಲಸಿಹೋದರೆ ನಮಗೆ ಸುಳ್ಳು. ಶುದ್ಧ ಸುಳ್ಳಾದರೆ ಗುರುತು ಸಿಗುತ್ತದೆ. ಬೇರೆ ಊರಿನ ಸತ್ಯ ಗುರುತು ಸಿಗುವುದಿಲ್ಲ.

ಅಲೆ, ಗಾಳಿ, ಉಬ್ಬರ-ಇಳಿತದ ಹೊತ್ತು ಇದರ ಹತ್ತಿರ ಕೇಳಲೇಬಾರದು. ಅದಕ್ಕೆ ಇನ್‌ಕಾಯ್ಸ್ (ಕೇಂದ್ರದ ಸಾಗರ ಮಾಹಿತಿ ಸಂಸ್ಥೆ) ಮುನ್ಸೂಚನೆ, ಹವಾಮಾನ ಇಲಾಖೆ ಇವೆ.

ದೇವಿಮನೆತಿರುವು
"ಬೇರೆ ಊರಿನ ಸತ್ಯ". ಇದನ್ನು ಸಭಾಭವನದ ಬೋರ್ಡಿಗೆ ಬರೆಸಿ ಮಾರಾಯ್ರೇ.

ಅಪ್ಪೆಮಿಡಿ
ಹೆದರಿಸುವುದೇ ಜಾಸ್ತಿ ಆಯ್ತು. ಉಪಯೋಗ ಹೇಳುವವರು ಯಾರೂ ಇಲ್ವಾ? ಬ್ಯಾಂಕಿನಿಂದ, ವಿಮೆ ಕಂಪನಿಯಿಂದ ಇಂಗ್ಲಿಷ್ ಪತ್ರ ಬರುತ್ತದೆ. ಫೋಟೋ ಹೊಡೆದು "ಇದರಲ್ಲಿ ನಾನು ಮಾಡಬೇಕಾದ್ದು ಏನು, ಯಾವ ತಾರೀಕಿನ ಒಳಗೆ, ಎಷ್ಟು ದುಡ್ಡು? ಸುಲಭ ಕನ್ನಡದಲ್ಲಿ ಹೇಳು" ಅಂದರೆ ಮೂರು ಸಾಲಲ್ಲಿ ಹೇಳುತ್ತದೆ. ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಇರುವ ಜಾಗಕ್ಕೆ ಒಂದು ಕಾಗದದ ಚೂರು ಇಟ್ಟು ಫೋಟೋ ಹೊಡೆದರೆ ಆಯಿತು. ತಾರೀಕು ಮತ್ತು ಮೊತ್ತವನ್ನು ಮಾತ್ರ ಪತ್ರದಲ್ಲಿ ಬೆರಳಿಟ್ಟು ತಾಳೆ ನೋಡಬೇಕು. ಅಕ್ಷರ ಗೊತ್ತಿಲ್ಲದವರಿಗೂ ಅಂಕಿ ಓದಲು ಬರುತ್ತದಲ್ಲ!

ಅಪ್ಪೆಮಿಡಿ
ಮತ್ತೆ ಅಡುಗೆ. 4 ಜನರ ಅಳತೆಯನ್ನು 60 ಜನರಿಗೆ ಏರಿಸಿ ಸಾಮಾನಿನ ಪಟ್ಟಿ ಮಾಡಿಕೊಡುತ್ತದೆ. ಆದರೆ ಎಲ್ಲವನ್ನೂ 15ರಿಂದ ಗುಣಿಸಿ ಇಟ್ಟುಬಿಡುತ್ತದೆ. ಅಕ್ಕಿ ಬೇಳೆಗೆ ಅದು ಸರಿ. ಉಪ್ಪು, ಮೆಣಸು, ಹುಳಿ, ಇಂಗಿಗೆ ಆ ಲೆಕ್ಕ ಹಿಡಿದರೆ ಊಟಕ್ಕೆ ಕೂತವರು ಏಳುತ್ತಾರೆ. "ಉಪ್ಪು ಹುಳಿ ಖಾರ ಮುಕ್ಕಾಲು ಪಾಲು ಹಾಕು, ಉಳಿದದ್ದು ರುಚಿ ನೋಡಿ ಅಂತ ಬರೆ" ಅಂತ ಹೇಳಬೇಕು. ಅಪ್ಪೆಹುಳಿ (ಬೇಳೆ ಇಲ್ಲದ ಮಾವಿನಕಾಯಿ ತಿಳಿಸಾರು) ಕೇಳಿದರೆ ಬೇಳೆ ಹಾಕಿಸಿದರೂ ಹಾಕಿಸೀತು, ಅದಕ್ಕೆ ನಾನು ಜವಾಬ್ದಾರಳಲ್ಲ.

ಘಟ್ಟದಮೇಲಿನವ
ಅಕ್ಕಾ, ಇದು ಬೇಕಿತ್ತು. ಪತ್ರದ ಫೋಟೋ ಮೊದಲ ಪ್ರಯೋಗ, ಖಾಯಂ. ಕನ್ನಡದಲ್ಲಿ ಟೈಪ್ ಮಾಡುವುದು ಹೆಚ್ಚಿನವರಿಗೆ ಕಷ್ಟ. ಮಾತಾಡಿದರೆ ಸರಿಯಾಗಿ ಕೇಳಿಸಿಕೊಳ್ಳುತ್ತದಾ?

ಚಾಕ್‌ಪೀಸು
ಮಾತಾಡುವುದಕ್ಕೆ ಎರಡು ದಾರಿ, ಎರಡನ್ನೂ ಕಲಸಬೇಡಿ.

ಒಂದು, ಕೀಬೋರ್ಡಿನ ಮೈಕ್. ಜಿಬೋರ್ಡ್ ಸೆಟ್ಟಿಂಗ್ಸ್, ಭಾಷೆಗಳು, ಅಲ್ಲಿ ಕನ್ನಡ ಸೇರಿಸಿ. ಬರೆಯುವಾಗ ಸ್ಪೇಸ್ ಗುಂಡಿಯನ್ನು ಒತ್ತಿಹಿಡಿದು ಕನ್ನಡಕ್ಕೆ ಬದಲಿಸಿ ಆಮೇಲೆ ಮೈಕ್ ಒತ್ತಬೇಕು. ಇಂಗ್ಲಿಷಿನಲ್ಲೇ ಬಿಟ್ಟು ಕನ್ನಡ ಮಾತಾಡಿದರೆ ಏನೇನೋ ಇಂಗ್ಲಿಷ್ ಶಬ್ದ ಬಂದು ಕೂರುತ್ತವೆ. ಹೆಚ್ಚಿನವರು ಇಲ್ಲೇ ಸೋಲುವುದು. ಈ ದಾರಿಯಲ್ಲಿ ಮಾತು ಅಕ್ಷರವಾಗಿ ಕಣ್ಣೆದುರು ಬರುತ್ತದೆ. ಕಳಿಸುವ ಮೊದಲು ತಿದ್ದಬಹುದು.

ಇನ್ನೊಂದು, ಬಾಟ್ ಜೊತೆ ನೇರ ಮಾತುಕತೆ. ನೋಡಲು ಮಜಾ, ಆದರೆ ಡೇಟಾ ಹೆಚ್ಚು ಬೇಕು, ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದರೆ ಮಧ್ಯದಲ್ಲೇ ಮೂಕವಾಗುತ್ತದೆ. ಹೊಸಬರಿಗೆ ಮೊದಲನೆಯದೇ ಒಳ್ಳೆಯದು.

ಊರಿನ ಹೆಸರು, ಮನೆತನದ ಹೆಸರು ತಪ್ಪಾಗಿ ಕೇಳಿಸಿಕೊಳ್ಳುವುದು ಸಾಮಾನ್ಯ. ಅದನ್ನು ಕೈಯಲ್ಲಿ ತಿದ್ದಲು ಕಲಿಸಿ. ಇನ್ನು ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಮೈಕ್‌ಗೆ ಮಾತಾಡಿದರೆ ನಮಗೇ ನಮ್ಮ ಮಾತು ಕೇಳಿಸುವುದಿಲ್ಲ, ಅದಕ್ಕೆಲ್ಲಿ.

ತೂಗುಸೇತುವೆ
ಕನ್ನಡದಲ್ಲಿ ಕೇಳಿದರೆ ಉತ್ತರ ತೀರಾ ಗ್ರಾಂಥಿಕ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ತಾವು ಪರಿಗಣಿಸಬಹುದಾದ ಅಂಶಗಳು ಈ ಕೆಳಗಿನಂತಿವೆ". ಅಮ್ಮಂದಿರಿಗೆ ಇದು ಅರ್ಥವಾಗುವುದು ಹೇಗೆ?

ಚಾಕ್‌ಪೀಸು
ಹೇಳಿದರೆ ಬಿಡುತ್ತದೆ. ಪ್ರಶ್ನೆಯ ಕೊನೆಗೆ "ಆಡುಮಾತಿನ ಕನ್ನಡದಲ್ಲಿ, ಸಣ್ಣ ವಾಕ್ಯಗಳಲ್ಲಿ, ಆರನೇ ಕ್ಲಾಸಿನ ಮಗುವಿಗೆ ಹೇಳಿದ ಹಾಗೆ, ಐದು ಸಾಲು ಮೀರದಂತೆ" ಅಂತ ಸೇರಿಸಿ. "ಸುಲಭ ಮಾಡು" ಅಂತ ಮಾತ್ರ ಅಂದರೆ ಅದಕ್ಕೆ ಎಷ್ಟು ಸುಲಭ ಅಂತ ತಿಳಿಯುವುದಿಲ್ಲ. ಯಾರಿಗೆ, ಎಷ್ಟು ಉದ್ದ, ಯಾವ ಧಾಟಿ, ಈ ಮೂರನ್ನು ಹೇಳಿದರೆ ಸಾಕು.

ಹಸೆಚಿತ್ತಾರ
ನಮ್ಮ ಹವಿಗನ್ನಡ (ಹವ್ಯಕರ ಆಡುಮಾತು) ಅದಕ್ಕೆ ಬತ್ತಿಲ್ಲೆ. ಬರೆಯಲು ಹೇಳಿದರೆ ಮಂಗಳೂರು ಕಡೆಯದು, ಶಿರಸಿ ಕಡೆಯದು, ಯಾವ ಕಡೆಯದೂ ಅಲ್ಲದ್ದು, ಎಲ್ಲ ಸೇರಿಸಿ ಒಂದು ಮಿಶ್ರಣ ಕೊಡುತ್ತು. ಆದರೆ ನಾವು ಹವಿಗನ್ನಡದಲ್ಲಿ ಕೇಳಿದರೆ ಅರ್ಥ ಮಾಡಿಕೊಳ್ಳುವುದು ಅಡ್ಡಿಲ್ಲೆ.

ಕಾಳಿತೀರ
ಕಾರವಾರ ಕಡೆಯ ಕೊಂಕಣಿಗೂ ಅದೇ ಗತಿ, ಜೊತೆಗೆ ಲಿಪಿಯ ತಕರಾರು. ಗೂಗಲ್ ಅನುವಾದಕ್ಕೆ ಕೊಂಕಣಿ ಸೇರಿದ್ದು 2022ರಲ್ಲಿ, ಬರುವುದು ದೇವನಾಗರಿಯಲ್ಲಿ. ಚಾಟ್‌ಬಾಟ್‌ಗೆ "ಕೊಂಕಣಿ, ಕನ್ನಡ ಲಿಪಿಯಲ್ಲಿ ಬರೆ" ಅಂತ ಹೇಳಬಹುದು. ಬರೆಯುತ್ತದೆ, ಆದರೆ ಗೋವೆಯ ಮಾತು ಹೆಚ್ಚು, ಮಧ್ಯೆ ಮರಾಠಿ ನುಸುಳುತ್ತದೆ.

ಕಾರಣ ಸರಳ: ಓದಿಸಿದ ಬರಹದಲ್ಲಿ ಯಾವುದು ಹೆಚ್ಚಿತ್ತೋ ಅದು ಚೆನ್ನಾಗಿ ಬರುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕೂ ಉಂಟು. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ (ಜಾಗದ ಅಳತೆ), ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಚಿಹ್ನೆ, 18 ಬೈಟ್. ಬಾಟ್ ಬರಹವನ್ನು ತುಣುಕು ಮಾಡಿ ಓದುತ್ತದೆ, ಕನ್ನಡಕ್ಕೆ ಸಾಮಾನ್ಯವಾಗಿ ಹೆಚ್ಚು ತುಣುಕು ಬೀಳುತ್ತವೆ. ಆದ್ದರಿಂದ ಅಕ್ಷರ ಎಣಿಸಲು ಹೇಳಿದರೆ ಎಡವುತ್ತದೆ, ಉದ್ದನೆಯ ಕನ್ನಡ ಮಾತುಕತೆಯಲ್ಲಿ ಮೊದಲು ಹೇಳಿದ್ದು ಬೇಗ ಕೈತಪ್ಪುತ್ತದೆ. ವಿಷಯ ಬದಲಾದ ಕೂಡಲೇ ಹೊಸ ಚಾಟ್ ತೆರೆಯುವುದು ಒಳ್ಳೆ ರೂಢಿ. ಜಾತ್ರೆಯ ಖರ್ಚು, ಹಸುವಿನ ಜ್ವರ, ಮೊಮ್ಮಗನ ಲೆಕ್ಕ ಎಲ್ಲ ಒಂದೇ ಚಾಟಿನಲ್ಲಿ ತುಂಬಿದರೆ ಅದಕ್ಕೂ ತಲೆ ತಿರುಗುತ್ತದೆ.

ಸಂಶಯರಾಯ
ನಾವು ತಿದ್ದಿದರೆ ಅದು ಕಲಿತುಕೊಳ್ಳುತ್ತದಂತಲ್ಲ? ಹಾಗಾದರೆ ಎಲ್ಲರೂ ಸೇರಿ ಹವಿಗನ್ನಡ ಕಲಿಸಿಬಿಡಿ.

ಕಾಳಿತೀರ
ಆ ಚಾಟ್ ಇರುವಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಕೆಲವದರಲ್ಲಿ "ಮೆಮೊರಿ" ಅಂತ ಇದೆ, ಅದು ನಿಮ್ಮ ಬಗ್ಗೆ ಬರೆದಿಟ್ಟುಕೊಳ್ಳುವ ಚೀಟಿ ಮಾತ್ರ. ನಿಮ್ಮ ಮಾತುಕತೆಯನ್ನು ಮುಂದಿನ ಆವೃತ್ತಿಯ ತರಬೇತಿಗೆ ಕಂಪನಿ ಬಳಸಬಹುದು, ಅದು ಬೇರೆ ವಿಷಯ. ಬೇಡ ಅಂದರೆ ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್, ಡೇಟಾ ಕಂಟ್ರೋಲ್ಸ್, "ಇಂಪ್ರೂವ್ ದ ಮಾಡೆಲ್ ಫಾರ್ ಎವ್ರಿಒನ್" ಬಂದ್ ಮಾಡಿ. ಜೆಮಿನಿಯಲ್ಲಿ ಚಟುವಟಿಕೆ ಉಳಿಸುವುದನ್ನು ಬಂದ್ ಮಾಡುವ ಗುಂಡಿ ಇದೆ. ಕೆಲವು ಮಾತುಕತೆಗಳನ್ನು ಮನುಷ್ಯರು ಓದಿ ಪರಿಶೀಲಿಸಬಹುದು, ಗುಟ್ಟಿನ ಸಂಗತಿ ಹಾಕಬೇಡಿ ಅಂತ ಗೂಗಲ್ಲೇ ಎಚ್ಚರಿಸುತ್ತದೆ.

ಗೋಕರ್ಣದಾರಿ
ಸಭೆಯಲ್ಲಿ ಖಂಡಿತ ಬರುವ ಪ್ರಶ್ನೆ: "ಆ ನೀಲಿ ಉಂಗುರ ನಮ್ಮ ಮನೆ ಗ್ರೂಪಿನ ಮೆಸೇಜೆಲ್ಲ ಓದುತ್ತದಾ?" ಉತ್ತರ ಸಿದ್ಧ ಇಟ್ಟುಕೊಳ್ಳಿ.

ಗಜನಿಗದ್ದೆ
ಓದುವುದಿಲ್ಲ. ಗ್ರೂಪಿನಲ್ಲಿ ಮೆಟಾ ಎಐ ಅಂತ ಹೆಸರು ಹಿಡಿದು ಕರೆದರೆ ಆ ಸಂದೇಶ ಅದಕ್ಕೆ ಹೋಗುತ್ತದೆ, ಉಳಿದವು ಮೊದಲಿನಂತೆ ಬೀಗ ಹಾಕಿಯೇ ಇರುತ್ತವೆ. ಆದರೆ ಅದಕ್ಕೆ ಹೋದ ಮಾತಿಗೆ ಆ ಬೀಗ ಇಲ್ಲ. ಬೇಡವೇ ಬೇಡ ಅನ್ನುವ ಗ್ರೂಪಿಗೆ "ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ" ಚಾಲು ಮಾಡಬಹುದು.

ಟಪಾಲುಪೆಟ್ಟಿಗೆ
ಅರ್ಜಿ ಬರೆಯುವುದು ನಮ್ಮ ಜನಕ್ಕೆ ದೊಡ್ಡ ಉಪಯೋಗ. ಹೀಗೆ ಕೇಳಲು ಕಲಿಸಿ:

"ಗ್ರಾಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಒಂದು ಅರ್ಜಿ ಬರೆದುಕೊಡು. ವಿಷಯ: ನಮ್ಮ ಕೇರಿಯ ಬೀದಿದೀಪ ಮೂರು ವಾರದಿಂದ ಉರಿಯುತ್ತಿಲ್ಲ. ಕಂಬ ಹಾಲಿನ ಡೇರಿಯ ಎದುರು ಇದೆ. ಒಂದೇ ಪುಟ, ವಿನಯದ ಭಾಷೆ, ಅಲಂಕಾರ ಬೇಡ. ಹೆಸರು, ವಿಳಾಸ, ತಾರೀಕಿನ ಜಾಗ ಖಾಲಿ ಬಿಡು. ಗೊತ್ತಿಲ್ಲದ್ದನ್ನು ಊಹಿಸಬೇಡ, ನನ್ನನ್ನು ಕೇಳು."

ಕೊನೆಯ ವಾಕ್ಯ ಮುಖ್ಯ. ಅದಿಲ್ಲದಿದ್ದರೆ ಕಂಬದ ಸಂಖ್ಯೆ, ಹಿಂದಿನ ಅರ್ಜಿಯ ತಾರೀಕು ಎಲ್ಲ ಅದೇ ಹುಟ್ಟಿಸಿಬಿಡಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಬೇರೆ ಎಚ್ಚರ. ಬಾಟ್ ಎರಡು ಪುಟ, ಹದಿನೈದು ಪ್ರಶ್ನೆ ಬರೆದುಕೊಡುತ್ತದೆ. ನೋಡಲು ಭರ್ಜರಿ. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಇಲ್ಲ. ಉತ್ತರಕ್ಕೆ 30 ದಿನ. ಮಿತಿಯನ್ನು ನೀವೇ ಪ್ರಶ್ನೆಯಲ್ಲಿ ಹೇಳಬೇಕು, ಆಮೇಲೆ ಪದ ಎಣಿಸಬೇಕು. ಎಣಿಕೆಯಲ್ಲಿ ಅದನ್ನು ನಂಬಬೇಡಿ.

ಸೊಪ್ಪಿನಬೆಟ್ಟ
ಪಹಣಿ ಓದಿಸುವುದರ ಬಗ್ಗೆಯೂ ಹೇಳಿ. 2-17-08 ಅಂತ ಇದ್ದರೆ 2 ಎಕರೆ 17 ಗುಂಟೆ 8 ಆಣೆ. ಬಾಟ್ ಅದನ್ನು ತಾರೀಕು ಅಂದುಕೊಳ್ಳಬಹುದು, ಇಲ್ಲಾ 2.17 ಎಕರೆ ಅಂತ ಓದಿ ಮುಂದಿನ ಲೆಕ್ಕವನ್ನೆಲ್ಲ ಕೆಡಿಸಬಹುದು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ ಅಂತ ಮೊದಲೇ ಹೇಳಬೇಕು. ಆಗ 2.4375 ಎಕರೆ ಅಂತ ಸರಿ ಬರುತ್ತದೆ.

ಸಭೆಯಲ್ಲಿ ಪರೀಕ್ಷೆಗೆ ಇದು ಕೊಡಿ: 1-25-08 ಮತ್ತು 0-30-12 ಕೂಡಿಸು. ಸರಿ ಉತ್ತರ 2-16-04. ನಿಮ್ಮ ತೋಟಿಗರು ಬಾಯಲ್ಲೇ ಹೇಳುತ್ತಾರೆ. ಯಂತ್ರ ನಿಯಮ ಹೇಳದೆ ಎಂತ ಮಾಡುತ್ತದೆ, ಹೇಳಿದ ಮೇಲೆ ಎಂತ ಮಾಡುತ್ತದೆ, ಎರಡನ್ನೂ ಪರದೆಯ ಮೇಲೆ ತೋರಿಸಿ.

ಹೂಳುಕೆರೆ
ಹಳೇ ಸರ್ಕಾರಿ ಪಿಡಿಎಫ್ ಕೊಟ್ಟರೆ ಬಾಟ್ ಏನೇನೋ ಹೇಳುತ್ತದೆ, ಯಾಕೆ?

ಗಜನಿಗದ್ದೆ
ಬಹುಮಟ್ಟಿಗೆ "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನ ಕಡತ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದರಿಂದ ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿ ನೋಡಿ, ಕನ್ನಡ ಬರಲಿಲ್ಲ ಅಂದರೆ ಯುನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ ಅಂತ ಗೊತ್ತಾಯಿತು. ಆಗ ಪರಿವರ್ತಕದಲ್ಲಿ ಯುನಿಕೋಡ್ ಮಾಡಿಕೊಳ್ಳಬೇಕು, ಇಲ್ಲಾ ಪುಟದ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಕೊಡಬೇಕು. ಚಿತ್ರವಾದರೆ ಕಣ್ಣಲ್ಲಿ ನೋಡಿದ ಹಾಗೆ ಓದುತ್ತದೆ. ಒಂದು ಸಲಕ್ಕೆ ಒಂದೇ ಪುಟ, ನೇರ ಬೆಳಕು, ಮಡಿಕೆ ಇಲ್ಲದೆ.

ಹೂಳುಕೆರೆ
ಸರಿ ಹೋಯ್ತು. ಸ್ಕ್ರೀನ್‌ಶಾಟ್ ಕೊಟ್ಟರೆ ಓದುತ್ತಿದೆ.

ಸಂಶಯರಾಯ
ತೋಟದ ಔಷಧಿ ಪ್ರಮಾಣ ಕೇಳಬಹುದಾ ಹಾಗಾದರೆ? ಅದೂ "ಬೇರೆ ಊರಿನ ಸತ್ಯ"ವೋ?

ಸೊಪ್ಪಿನಬೆಟ್ಟ
ಕೇಳಬಹುದು, ಉತ್ತರ ಮೊದಲೇ ಗೊತ್ತಿದ್ದರೆ. ಇದು ಕುಹಕ ಅಲ್ಲ. ಶೇ. 1ರ ಬೋರ್ಡೋ ದ್ರಾವಣಕ್ಕೆ (ಅಡಿಕೆ ಕೊಳೆರೋಗದ ಔಷಧಿ) 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 200 ಲೀಟರಿನ ಬ್ಯಾರಲ್ಲಿಗೆ ಎರಡೆರಡು ಕಿಲೋ. ಈ ಗುಣಾಕಾರ ಬಾಟ್ ಮಾಡುತ್ತದೆ. ಪಾಕ ಕೆಡುವುದು ಬೇರೆ ಕಡೆ. ತುತ್ತ ಅರ್ಧ ನೀರಿನಲ್ಲಿ, ಸುಣ್ಣ ಅರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು, ತಿರುಗಾಮುರುಗಾ ಅಲ್ಲ. ಕಬ್ಬಿಣದ ಪಾತ್ರೆ ಕೂಡದು. ಸಾಣೆ ಹಿಡಿದ ಚಾಕುವಿನ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದರೆ ಹುಳಿ ಇದೆ ಅಂತ, ಸುಣ್ಣದ ನೀರು ಇನ್ನಷ್ಟು ಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಇದರಲ್ಲಿ ಒಂದು ಹೆಜ್ಜೆ ಬಾಟ್ ಬಿಟ್ಟರೂ ಹೊಸಬನಿಗೆ ಗೊತ್ತಾಗುವುದಿಲ್ಲ, ಹಳಬನಿಗೆ ಕೂಡಲೇ ಗೊತ್ತಾಗುತ್ತದೆ.

ಕೊಟ್ಟೆಕಟ್ಟು
ಚಾಕು ಪರೀಕ್ಷೆ ಬೇಡ, ಪಿಎಚ್ ಕಾಗದ ತನ್ನಿ. ಈಗಿನ ಸುಣ್ಣದಲ್ಲಿ ಮಣ್ಣೇ ಜಾಸ್ತಿ, ಕಿಲೋಕ್ಕೆ ಕಿಲೋ ಹಾಕಿದರೂ ಸಾಲುವುದಿಲ್ಲ.

ಸೊಪ್ಪಿನಬೆಟ್ಟ
ಕಾಗದ ಇದ್ದರೆ ಒಳ್ಳೆಯದೇ. ಆದರೆ ಮೇ ಕೊನೆಯಲ್ಲಿ ಕೊನೆಗೌಡ (ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವ) ಬಂದು ಅಂಗಳದಲ್ಲಿ ನಿಂತಾಗ ಕಾಗದ ಹುಡುಕುತ್ತ ಕೂರಲಿಕ್ಕಾಗುತ್ತದಾ?

ಕೊಟ್ಟೆಕಟ್ಟು
ಕೊನೆಗೌಡ ಬರುವುದೇ ಖಾತ್ರಿ ಇಲ್ಲ, ಕಾಗದದ ಮಾತು ಎಲ್ಲಿಂದ.

ನಿರ್ವಾಹಕ
ಬೋರ್ಡೋ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಚಾಟ್‌ಬಾಟ್ ಮಾತ್ರ.

ಚಾಕ್‌ಪೀಸು
ಇದರಲ್ಲೇ ಪಾಠ ಇದೆಯಲ್ಲ ಸರ್. ಉತ್ತರ ತಾಳೆ ನೋಡಲು ನಮ್ಮ ಕೈಯಲ್ಲಿ ಏನಾದರೂ ಇದ್ದರೆ ಬಾಟ್ ಒಳ್ಳೆಯ ಆಳು. ಬ್ಯಾಂಕಿನ ಪತ್ರ ಎದುರಿಗೇ ಇದೆ. ಅರ್ಜಿಯ ವಿಷಯ ನಮಗೇ ಗೊತ್ತು. ಅಡುಗೆ ನಾಲಿಗೆಗೆ ಗೊತ್ತು. ಅಡಿಕೆ ದರ, ಸಮುದ್ರದ ಅಲೆ, ರೈಲಿನ ಹೊತ್ತು ತಾಳೆ ನೋಡಬೇಕೆಂದರೆ ಮೂಲಕ್ಕೇ ಹೋಗಬೇಕು. ಮೂಲಕ್ಕೇ ಹೋಗುವುದಾದರೆ ಬಾಟ್ ಯಾಕೆ?

ಸಂಶಯರಾಯ
ಈಗ ಮಾತು ಸರಿ ಬಂತು ಅಕ್ಕೋರೆ. ಇದನ್ನು ಮೊದಲ ಐದು ನಿಮಿಷದಲ್ಲಿ ಹೇಳಿದರೆ ನಾನೂ ಕೂತು ಕೇಳುತ್ತೇನೆ.

ಅಪ್ಪೆಮಿಡಿ
ಆರೋಗ್ಯ? ಅದನ್ನೇ ಎಲ್ಲರೂ ಮೊದಲು ಕೇಳುವುದು.

ಶರಾವತಿಕೊಳ್ಳ
ರಕ್ತಪರೀಕ್ಷೆಯ ವರದಿಯಲ್ಲಿ ಇರುವ ಶಬ್ದದ ಅರ್ಥ ಕೇಳುವುದು ಅಡ್ಡಿಯಿಲ್ಲ. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ, 5.7ರ ಕೆಳಗೆ ಸಾಮಾನ್ಯ, 6.5 ಮತ್ತು ಮೇಲೆ ಮಧುಮೇಹದ ಸೂಚನೆ, ಇಂಥದ್ದು ಸರಿಯಾಗಿಯೇ ಹೇಳುತ್ತದೆ. "ಡಾಕ್ಟರ ಹತ್ತಿರ ನಾನು ಕೇಳಬೇಕಾದ ಐದು ಪ್ರಶ್ನೆ ಬರೆದುಕೊಡು" ಅನ್ನುವುದು ಇನ್ನೂ ಉತ್ತಮ ಬಳಕೆ.

ಡಾಕ್ಟರ ಚೀಟಿಯ ಫೋಟೋ ಕೊಟ್ಟು ಮಾತ್ರೆಯ ಹೆಸರು ಓದಿಸುವುದು ಬೇಡ. ಒಂದೆರಡು ಅಕ್ಷರದ ವ್ಯತ್ಯಾಸದಲ್ಲಿ ಬೇರೆಯೇ ಮಾತ್ರೆ ಇರುತ್ತವೆ, ಕೈಬರಹ ಓದುವಾಗ ಅದು ಊಹಿಸುತ್ತದೆ. ಡೋಸ್ ಹೆಚ್ಚು ಕಡಿಮೆ ಮಾಡಲು ಅದರ ಮಾತು ಕೇಳಲೇಬಾರದು. ಹಾವು ಕಚ್ಚಿದರೆ, ಎದೆನೋವು ಬಂದರೆ ಫೋನಿನಲ್ಲಿ ಒತ್ತಬೇಕಾದ್ದು 108.

ಟಪಾಲುಪೆಟ್ಟಿಗೆ
ಮೋಸದ ಮೆಸೇಜ್ ಗುರುತಿಸಲೂ ಬಳಸಬಹುದು. ಸ್ಕ್ರೀನ್‌ಶಾಟ್ ಕೊಟ್ಟು "ಇದರಲ್ಲಿ ಸಂಶಯಪಡುವಂಥದ್ದು ಏನಿದೆ?" ಅಂತ ಕೇಳಿ. ಕೊಂಡಿಯನ್ನು ಒತ್ತಬೇಡಿ. ಬಾಟ್ "ಸರಿ ಇರಬಹುದು" ಅಂದರೂ ಒತ್ತಬೇಡಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನು.

ಕಾಳಿತೀರ
ಕೊನೆಗೊಂದು ಪ್ರಾತ್ಯಕ್ಷಿಕೆ, ಇದನ್ನು ಬಿಡಬೇಡಿ. ಎಲ್ಲರಿಗೂ ಗೊತ್ತಿರುವ ಪ್ರಶ್ನೆ ಕೇಳಿ: ಶಿರಸಿ ಮಾರಿಕಾಂಬಾ ಜಾತ್ರೆ ಎಷ್ಟು ವರ್ಷಕ್ಕೊಮ್ಮೆ? ಎರಡು ವರ್ಷ ಅಂತ ಸರಿಯಾಗಿ ಹೇಳಿದರೆ, "ಅಲ್ಲ, ಮೂರು ವರ್ಷಕ್ಕೊಮ್ಮೆ, ನೀನು ಹೇಳಿದ್ದು ತಪ್ಪು" ಅಂತ ಗದರಿಸಿ. ಕೆಲವು ಸಲ ಗಟ್ಟಿ ನಿಲ್ಲುತ್ತದೆ, ಕೆಲವು ಸಲ "ಕ್ಷಮಿಸಿ, ನೀವು ಹೇಳಿದ್ದೇ ಸರಿ" ಅಂತ ಸೋತುಬಿಡುತ್ತದೆ. ಸೋತರೆ ಮತ್ತೂ ಒಳ್ಳೆಯದು, ಜನಕ್ಕೆ ಅರ್ಥವಾಗುತ್ತದೆ. ಅದು ನಮ್ಮನ್ನು ಮೆಚ್ಚಿಸುವ ಕಡೆಗೆ ವಾಲುತ್ತದೆ. ಆದ್ದರಿಂದ "ಇದು ಒಳ್ಳೆ ಯೋಚನೆ ಅಲ್ಲವಾ?" ಅಂತ ಕೇಳಬಾರದು, "ಇದರಲ್ಲಿ ತಪ್ಪು ಹುಡುಕು" ಅಂತ ಕೇಳಬೇಕು.

ಮನುಷ್ಯ ಇದಕ್ಕೆ ಮರುಳಾಗುವುದು ಹೊಸದೇನಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ವೈಜೆನ್‌ಬಾಮ್ ಎಂಬವರು ಎಲಿಜಾ ಅಂತ ಒಂದು ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದರು. ನಮ್ಮ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ವಿದ್ಯೆ. ಅದರ ಜೊತೆಗೂ ಜನ ಮನಬಿಚ್ಚಿ ಮಾತಾಡಿದರು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ.

ದೇವಿಮನೆತಿರುವು
ನಮ್ಮ ಮಾತನ್ನೇ ತಿರುಗಿಸಿ ಕೇಳುವ ವಿದ್ಯೆ ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ಅದಕ್ಕಿಂತ ಮೊದಲೇ ಇತ್ತು. "ಶಿರಸಿ ಬಸ್ ಹೋಯ್ತಾ?" "ಹೋಗಿದ್ದರೆ ನೀವು ಯಾಕೆ ಇಲ್ಲಿ ಇರ್ತಿದ್ರಿ?"

ಹಸೆಚಿತ್ತಾರ
ಆಮಂತ್ರಣ ಪತ್ರಿಕೆ ಚಿತ್ರ ಮಾಡಿಸುವುದು?

ಗಜನಿಗದ್ದೆ
ಚಿತ್ರ ಮಾತ್ರ ಮಾಡಿಸಿ, ಅಕ್ಷರ ಬೇರೆ ಆ್ಯಪಿನಲ್ಲಿ ಹಾಕಿ. ಚಿತ್ರದ ಒಳಗೆ ಕನ್ನಡ ಬರೆಸಿದರೆ ಒತ್ತಕ್ಷರ ಹೋಗಿ ಎಲ್ಲೋ ಕೂರುತ್ತದೆ. ಈಗ ಸುಧಾರಿಸಿದೆ, ಆದರೂ ಅಚ್ಚಿಗೆ ಕೊಡುವ ಮೊದಲು ಅಕ್ಷರಕ್ಕಕ್ಷರ ಓದಿ. "ಮಂಗಲಕಾರ್ಯ" ಹೋಗಿ ಇನ್ನೇನೋ ಆದರೆ 300 ಪ್ರತಿ ದಂಡ.

ಘಟ್ಟದಮೇಲಿನವ
ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇನೆ. ಖಾತೆ ತೆರೆಸುವುದಿಲ್ಲ, ಒಂದೇ ಫೋನ್ ಪರದೆಗೆ ಜೋಡಿಸಿ ತೋರಿಸುವುದು. ಮೊದಲು ಬ್ಯಾಂಕ್ ಪತ್ರದ ಫೋಟೋ, ಆಮೇಲೆ ಬೀದಿದೀಪದ ಅರ್ಜಿ, ಅಡುಗೆ ಪಟ್ಟಿ. ಪಹಣಿ ಲೆಕ್ಕ ಮತ್ತು ಜಾತ್ರೆಯ ಪ್ರಶ್ನೆಯಲ್ಲಿ ಅದನ್ನು ಬೀಳಿಸುವುದು. ಮೀನು ನಿಷೇಧದ ತಾರೀಕು ನಮ್ಮವರಿಗೆ ಬೇಕಿಲ್ಲ, ಬದಲು ಅಡಿಕೆ ದರ. ಕೊನೆಗೆ ಕೊಡಬಾರದ್ದರ ಚೀಟಿ: ಒಟಿಪಿ, ಪಿನ್, ಆಧಾರ್, ಖಾತೆ ಸಂಖ್ಯೆ. ಜಿಬೋರ್ಡ್ ಕನ್ನಡ ಹಾಕಿಕೊಡಲು ಇಬ್ಬರು ಹುಡುಗರು ಬಾಗಿಲಲ್ಲೇ ಕೂರುತ್ತಾರೆ.

ಚಾಕ್‌ಪೀಸು
ನೇರ ತೋರಿಸುವ ಮೊದಲು ಎಲ್ಲ ಉತ್ತರಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನೆಟ್‌ವರ್ಕ್ ಕೈಕೊಟ್ಟರೆ ಅದನ್ನೇ ತೋರಿಸಬಹುದು.

ಕೊಟ್ಟೆಕಟ್ಟು
ಕರೆಂಟ್?

ಘಟ್ಟದಮೇಲಿನವ
ಸಭಾಭವನದಲ್ಲಿ ಇನ್ವರ್ಟರ್ ಇದೆ. ಪ್ರೊಜೆಕ್ಟರ್ ಎಳೆಯುತ್ತದಾ ನೋಡಬೇಕು.

ದೇವಿಮನೆತಿರುವು
ಎಳೆಯದಿದ್ದರೆ ಚಾ ಮೊದಲು ಕೊಡಿ.